ಗೆರೆ ಎಳೆಯೋದು ಬಿಟ್ಟು 14 ತಿಂಗಳು: ಎರಡು ಗುಂಡಿಯ ಸಿಲಿಕೋನ್ ಇನ್ಸರ್ಟ್ ಬಳಸಿ ನೋಡಿದ್ದು

ಒಂದು ಸೆಂಟಿಮೀಟರ್ ಅಗಲವೂ ಇಲ್ಲದ ಮೆತ್ತನೆಯ ಸಿಲಿಕೋನ್ ತುಂಡು. ಅದರೊಳಗೆ ಅಕ್ಕಪಕ್ಕ ಎರಡು ಗುಂಡಿ, ನಡುವೆ ಒಂದು ತೆಳು ಗೋಡೆ. ತಳ ಇಲ್ಲ. ಜೀವಕೋಶ ಬೆಳೆಸುವ ಡಿಶ್ ಮೇಲೆ ಇಟ್ಟು ಮೆಲ್ಲಗೆ ಒತ್ತಿದರೆ ತಾನೇ ಕಚ್ಚಿಕೊಳ್ಳುತ್ತದೆ, ಅಂಟು ಬೇಡ. ಐಬಿಡಿ ಅನ್ನುವ ಜರ್ಮನ್ ಕಂಪನಿಯ ಕಲ್ಚರ್ ಇನ್ಸರ್ಟ್ 2 ವೆಲ್ ಅಂದರೆ ಇಷ್ಟೇ. ಒಂದೊಂದು ಗುಂಡಿಗೆ 70 ಮೈಕ್ರೋಲೀಟರ್ ಹಿಡಿಯುತ್ತದೆ. ಎರಡಕ್ಕೂ ಜೀವಕೋಶ ಹಾಕಿ, ಅವು ತಳಕ್ಕೆ ಕೂತು ಒತ್ತೊತ್ತಾಗಿ ಹರಡಿದ ಮೇಲೆ ಇನ್ಸರ್ಟ್ ಎತ್ತಬೇಕು. ಗೋಡೆ ಇದ್ದ ಜಾಗ ಖಾಲಿ ಓಣಿಯ ಹಾಗೆ ಉಳಿಯುತ್ತದೆ. ಅಗಲ ಸುಮಾರು 500 ಮೈಕ್ರೋಮೀಟರ್, ಅಂದರೆ ಅರ್ಧ ಮಿಲಿಮೀಟರ್. ಆ ಓಣಿಗೆ ಎರಡೂ ದಡದಿಂದ ಜೀವಕೋಶಗಳು ನಡೆದು ಬರುತ್ತವೆ. ಎಷ್ಟು ಹೊತ್ತಿಗೆ ಎಷ್ಟು ಮುಚ್ಚಿತು ಅಂತ ಫೋಟೋ ತೆಗೆದು ಅಳೆಯೋದು ನನ್ನ ಕೆಲಸ.

ನಾನು ಬೆಂಗಳೂರಿನ ಒಂದು ಲ್ಯಾಬಿನಲ್ಲಿ ಟೆಕ್ನಿಷಿಯನ್. ಸೆಲ್ ಕಲ್ಚರ್ ಹುಡ್ ಮುಂದೆ ಕೂತು 11 ವರ್ಷ ಆಯಿತು. ಮೈಸೂರು, ಧಾರವಾಡ, ಶಿವಮೊಗ್ಗದಿಂದ ಎಂಎಸ್ಸಿ ಪ್ರಾಜೆಕ್ಟ್‌ಗೆ ಬರುವ ಮಕ್ಕಳು "ಅಕ್ಕಾ, ಇದು ತಗೋಬೇಕಾ, ಟಿಪ್‌ನಲ್ಲೇ ಗೆರೆ ಎಳೆದರೆ ಸಾಲದಾ?" ಅಂತ ಪ್ರತಿ ವರ್ಷ ಕೇಳುತ್ತಾರೆ. ಹುಡ್ ಮುಂದೆ ನಿಂತು ಹೇಳೋದನ್ನೇ ಇಲ್ಲಿ ಸ್ವಲ್ಪ ಬಿಡಿಸಿ ಬರೆಯುತ್ತಿದ್ದೇನೆ. ನಮ್ಮ ಪ್ರಯೋಗದ ಫಲಿತಾಂಶ ಹೇಳೋ ಹಕ್ಕು ಲ್ಯಾಬ್ ನಡೆಸುವ ನಮ್ಮ ಮೇಡಂಗೆ ಸೇರಿದ್ದು. ಉಪಕರಣದ ಬಗ್ಗೆ ಮಾತ್ರ ನನ್ನ ಮಾತು.

ಮೊದಲು ಹಳೇ ಪದ್ಧತಿ. ಡಿಶ್ ತುಂಬ ಜೀವಕೋಶ ಬೆಳೆಸಿ, 200 ಮೈಕ್ರೋಲೀಟರ್‌ನ ಹಳದಿ ಟಿಪ್ (ದ್ರವ ಅಳೆದು ಹಾಕುವ ಪಿಪೆಟ್‌ನ ಪ್ಲಾಸ್ಟಿಕ್ ತುದಿ) ಹಿಡಿದು ನಡುವೆ ಒಂದು ಗೆರೆ ಎಳೆಯೋದು. ಇದಕ್ಕೆ ಸ್ಕ್ರ್ಯಾಚ್ ಅಸ್ಸೇ ಅಂತಾರೆ, ಖಾಲಿಯಾದ ಆ ಜಾಗವನ್ನು ಗಾಯ ಅಂತಾರೆ. ಖರ್ಚು ಏನೂ ಇಲ್ಲ. ನಾನು ಇದನ್ನೇ ವರ್ಷಗಟ್ಟಲೆ ಮಾಡಿದ್ದೇನೆ, ಕೈ ಕೂಡ ಪಳಗಿದೆ. ಆದರೂ ಒಂದು ಗೆರೆ ಇದ್ದ ಹಾಗೆ ಇನ್ನೊಂದು ಇರುವುದಿಲ್ಲ. ಬೆಳಿಗ್ಗೆ ಎಳೆದ ಗೆರೆ ನೆಟ್ಟಗಿದ್ದರೆ, ರಾತ್ರಿ ಎರಡು ಗಂಟೆಗೆ ಎಳೆದದ್ದು ಒಂದು ಕಡೆ ದಪ್ಪ, ಒಂದು ಕಡೆ ಸಣ್ಣ. ಮೈಕ್ರೋಸ್ಕೋಪ್‌ನಲ್ಲಿ ನೋಡಿದರೆ ಅಂಚು ಹರಿದ ಬಟ್ಟೆಯ ಹಾಗೆ ಕಾಣುತ್ತದೆ. ಕಿತ್ತು ಬಂದ ಜೀವಕೋಶಗಳ ಪದರ ಸುರುಳಿ ಸುತ್ತಿಕೊಂಡು ಅಲ್ಲೇ ತೇಲುತ್ತಿರುತ್ತದೆ. ಸತ್ತವುಗಳ ಒಳಗಿನ ರಸವೆಲ್ಲ ಮೀಡಿಯಾಗೆ, ಅಂದರೆ ಜೀವಕೋಶ ಮುಳುಗಿರುವ ಗುಲಾಬಿ ಬಣ್ಣದ ಪೋಷಕ ದ್ರವಕ್ಕೆ, ಸೇರುತ್ತದೆ. ಡಿಶ್‌ನ ತಳಕ್ಕೂ ಗೀರು ಬೀಳುತ್ತದೆ.

ಒಂದು ಔಷಧಿ ಹಾಕಿದ ಡಿಶ್, ಹಾಕದ ಡಿಶ್, ಎರಡನ್ನೂ ಒಂದೇ ಹೊತ್ತಿಗೆ ಗೀರಿ ಹೋಲಿಸೋದಾದರೆ ಇದು ಸಾಕು. ಹತ್ತು ಡಿಶ್ ಮಾಡಿ ಸರಾಸರಿ ತೆಗೆದರೆ ನಡೆಯುತ್ತದೆ. ನಮ್ಮ ಪ್ರಶ್ನೆ ಅದಾಗಿರಲಿಲ್ಲ. ಜೀವಕೋಶದೊಳಗಿನ ಗಡಿಯಾರ ಹಗಲು ತೋರಿಸುವಾಗ ಜೀವಕೋಶ ಎಷ್ಟು ಬೇಗ ನಡೆಯುತ್ತದೆ, ರಾತ್ರಿ ತೋರಿಸುವಾಗ ಎಷ್ಟು ಬೇಗ ನಡೆಯುತ್ತದೆ ಅನ್ನೋದು ನಮ್ಮ ಪ್ರಶ್ನೆ. ಬೇರೆ ಬೇರೆ ಹೊತ್ತಿನ ಗಾಯಗಳನ್ನು ಹೋಲಿಸಬೇಕಾದರೆ ಗಾಯಗಳು ಒಂದೇ ಥರ ಇರಲೇಬೇಕು, ಅಲ್ವಾ?

ಜೀವಕೋಶಕ್ಕೆ ಗಡಿಯಾರ ಎಲ್ಲಿಂದ ಬಂತು ಅಂತ ಕೇಳುವವರಿಗೆ ನಾನು ಅಪ್ಪನ ಹೋಟೆಲ್ ಉದಾಹರಣೆ ಕೊಡುತ್ತೇನೆ. ಅಪ್ಪ ತಿಪಟೂರಿನಲ್ಲಿ ಸಣ್ಣ ಹೋಟೆಲ್ ನಡೆಸುತ್ತಾರೆ. ದೋಸೆ ಹಿಟ್ಟಿನ ಪಾತ್ರೆಗಳೆಲ್ಲ ತುಂಬಿದ ಮೇಲೆ ಗ್ರೈಂಡರ್ ನಿಲ್ಲುತ್ತದೆ. ಹಿಟ್ಟು ಖರ್ಚಾಗಿ ತಳ ಕಂಡಾಗ ಮತ್ತೆ ಅಕ್ಕಿ ಉದ್ದು ನೆನೆಹಾಕಿ ಗ್ರೈಂಡರ್ ತಿರುಗಿಸುತ್ತಾರೆ. ಜೀವಕೋಶದಲ್ಲಿ ಕ್ಲಾಕ್ ಮತ್ತು ಬಿಮ್ಯಾಲ್1 ಅನ್ನುವ ಎರಡು ಪ್ರೋಟೀನ್ ಜೋಡಿಯಾಗಿ ಗ್ರೈಂಡರ್ ತಿರುಗಿಸುತ್ತವೆ. ಪರ್ ಮತ್ತು ಕ್ರೈ ಅನ್ನುವ ಜೀನ್‌ಗಳು ಚಾಲೂ ಆಗುತ್ತವೆ. ಅವುಗಳ ಪ್ರೋಟೀನ್ ನಿಧಾನವಾಗಿ ತುಂಬಿಕೊಂಡು, ಕೋಶಕೇಂದ್ರದೊಳಗೆ ಹೋಗಿ, ತಮ್ಮನ್ನು ಹುಟ್ಟಿಸಿದ ಆ ಜೋಡಿಯನ್ನೇ ತಡೆಯುತ್ತವೆ. ಆಮೇಲೆ ಪರ್ ಮತ್ತು ಕ್ರೈ ಕರಗಿ ಹೋದಾಗ ತಡೆ ಬಿಡುತ್ತದೆ, ಮತ್ತೆ ಮೊದಲಿಂದ ಶುರು. ಒಂದು ಸುತ್ತಿಗೆ ಸುಮಾರು 24 ಗಂಟೆ. ರೆವ್‌ಅರ್ಬ್ ಅನ್ನುವ ಇನ್ನೊಂದು ಪ್ರೋಟೀನ್ ಬಿಮ್ಯಾಲ್1 ಜೀನನ್ನು ಹೊತ್ತು ನೋಡಿ ಅದುಮಿಡುತ್ತದೆ.

ಪರ್, ಅಂದರೆ ಪೀರಿಯಡ್ ಜೀನಿನ ಸುಳಿವನ್ನು 1971ರಲ್ಲಿ ಹಣ್ಣುನೊಣದಲ್ಲಿ ಕಂಡವರು ಕೊನೋಪ್ಕಾ ಮತ್ತು ಬೆಂಜರ್. ಆ ದಾರಿಯಲ್ಲೇ ಮುಂದೆ ಹೋದ ಹಾಲ್, ರಾಸ್‌ಬಾಷ್, ಯಂಗ್ ಅವರಿಗೆ 2017ರಲ್ಲಿ ನೊಬೆಲ್ ಬಂತು. ನಮ್ಮೂರಲ್ಲೂ ಈ ಕೆಲಸ ಇದೆ. ಜಕ್ಕೂರಿನ ಜವಾಹರಲಾಲ್ ನೆಹರು ಕೇಂದ್ರದಲ್ಲಿ ಹಣ್ಣುನೊಣಗಳ ಗಡಿಯಾರದ ಮೇಲೆ ವರ್ಷಗಳಿಂದ ಕೆಲಸ ನಡೆದಿದೆ. ಡಿಶ್‌ನಲ್ಲಿ ಜೀವಕೋಶ ಬೆಳೆಸುವ ನಮ್ಮಂಥವರಿಗೆ ಮುಖ್ಯವಾದದ್ದು 1998ರಲ್ಲಿ ಜಿನೀವಾದಲ್ಲಿ ಶಿಬ್ಲರ್ ಅವರ ಗುಂಪು ಕಂಡದ್ದು. ಇಲಿಯ ಜೀವಕೋಶಗಳಿಗೆ ಎರಡು ಗಂಟೆ ಗಟ್ಟಿ ಸೀರಮ್ (ರಕ್ತದ ತಿಳಿ ಭಾಗ) ಕೊಟ್ಟರು. ಕಣ್ಣಿಲ್ಲ, ಮಿದುಳಿಲ್ಲ, ಬೆಳಕಿಲ್ಲ. ಆದರೂ ಡಿಶ್‌ನಲ್ಲೇ ಗಡಿಯಾರದ ಜೀನ್‌ಗಳು ದಿನದ ಲಯದಲ್ಲಿ ಏರಿಳಿಯಲು ಶುರು ಮಾಡಿದವು. ಎಲ್ಲ ಜೀವಕೋಶದಲ್ಲೂ ಗಡಿಯಾರ ಇದೆ, ಒಂದೊಂದು ಒಂದೊಂದು ಹೊತ್ತು ತೋರಿಸುತ್ತಿರುತ್ತದೆ. ಒಟ್ಟಿಗೆ ಕೀಲಿ ಕೊಟ್ಟರೆ ಒಟ್ಟಿಗೆ ನಡೆಯುತ್ತವೆ. ಈಗ ನಾವು ಕೀಲಿ ಕೊಡಲು ಡೆಕ್ಸಮೆಥಾಸೋನ್ ಅನ್ನುವ ಸ್ಟೆರಾಯ್ಡ್ ಔಷಧಿ ಬಳಸುತ್ತೇವೆ, 100 ನ್ಯಾನೋಮೋಲಾರ್, ಒಂದು ಗಂಟೆ.

ನಮ್ಮ ಡಿಶ್‌ನಲ್ಲಿ ಇರುವುದು ಯು2ಓಎಸ್. 1964ರಲ್ಲಿ 15 ವರ್ಷದ ಒಬ್ಬ ಹುಡುಗಿಯ ಕಾಲಿನ ಮೂಳೆ ಗೆಡ್ಡೆಯಿಂದ ತೆಗೆದ ಜೀವಕೋಶಗಳ ಸಂತಾನ. ಫ್ಲಾಸ್ಕ್ ತೆಗೆಯುವಾಗಲೆಲ್ಲ ನನಗೆ ಆ ಹುಡುಗಿಯ ನೆನಪಾಗುತ್ತದೆ. ಹೆಸರು ಗೊತ್ತಿಲ್ಲದ ಆ ಮಗುವಿನ ಜೀವಕೋಶಗಳು ಇವತ್ತೂ ಪ್ರಪಂಚದ ಲ್ಯಾಬ್‌ಗಳಲ್ಲಿ ದಿನದ ಲಯ ತಪ್ಪದೆ ನಡೆಯುತ್ತಿವೆ. ಕ್ಯಾನ್ಸರ್ ಜೀವಕೋಶಗಳಲ್ಲಿ ಎಷ್ಟೋ ಸಲ ಈ ಗಡಿಯಾರ ಮಂಕಾಗಿರುತ್ತದೆ. ಯು2ಓಎಸ್‌ನಲ್ಲಿ ಗಟ್ಟಿಯಾಗಿದೆ. ಅದಕ್ಕೇ ಗಡಿಯಾರ ನೋಡುವವರಿಗೆ ಇದು ಅಚ್ಚುಮೆಚ್ಚು. ಬಿಮ್ಯಾಲ್1ಕ್ಕೆ ಮಿಂಚುಹುಳುವಿನ ಲೂಸಿಫರೇಸ್ ಜೋಡಿಸಿದ ಯು2ಓಎಸ್‌ನ ಒಂದು ಡಿಶ್ ಪಕ್ಕದಲ್ಲಿ ಇಟ್ಟರೆ ಸಾಕು. ಅದರ ಬೆಳಕು ಏರಿಳಿಯೋದನ್ನು ಅಳೆದು ಗಂಟೆ ಎಷ್ಟಾಯಿತು ಅಂತ ಓದಬಹುದು.

ಇನ್ನು ಈ ಇನ್ಸರ್ಟ್ ಯಾಕೆ ನನಗೆ ಇಷ್ಟು ಹಿಡಿಸಿತು ಅಂತ ಹೇಳುತ್ತೇನೆ. ಗಾಯದ ಜಾಗ ಮೊದಲೇ ಸಿದ್ಧ ಇರುತ್ತದೆ, ಆದರೆ ಮುಚ್ಚಿರುತ್ತದೆ. ಇನ್ಸರ್ಟ್ ಇರುವಾಗಲೇ ಡೆಕ್ಸಮೆಥಾಸೋನ್ ಕೊಡಬಹುದು, ತೊಳೆಯಬಹುದು, ಬೇಕಾದಷ್ಟು ಗಂಟೆ ಕಾಯಬಹುದು. ಬೇಕಾದ ಹೊತ್ತಿಗೆ ಬಾಗಿಲು ತೆಗೆದ ಹಾಗೆ ಎತ್ತಿಬಿಡಬಹುದು. ನಾನು ಮಾಡೋದು ಹೀಗೆ. ಸೋಮವಾರ ಬೆಳಿಗ್ಗೆ ಎಲ್ಲ ಡಿಶ್‌ಗೂ ಒಂದೇ ಫ್ಲಾಸ್ಕಿನಿಂದ ಜೀವಕೋಶ ಹಾಕುತ್ತೇನೆ. ಅರ್ಧ ಡಿಶ್‌ಗೆ ಮಂಗಳವಾರ ಬೆಳಿಗ್ಗೆ ಒಂಬತ್ತಕ್ಕೆ ಡೆಕ್ಸಮೆಥಾಸೋನ್. ಉಳಿದ ಅರ್ಧಕ್ಕೆ ಅವತ್ತೇ ರಾತ್ರಿ ಒಂಬತ್ತಕ್ಕೆ. ಬುಧವಾರ ರಾತ್ರಿ ಒಂಬತ್ತಕ್ಕೆ ಎಲ್ಲವನ್ನೂ ಒಟ್ಟಿಗೆ ಎತ್ತುತ್ತೇನೆ. ಒಂದು ಗುಂಪಿನ ಗಡಿಯಾರ 36 ಗಂಟೆ ನಡೆದಿದೆ, ಇನ್ನೊಂದರದ್ದು 24 ಗಂಟೆ. ಒಂದಕ್ಕೆ ಹಗಲಾದರೆ ಇನ್ನೊಂದಕ್ಕೆ ರಾತ್ರಿ. ಜೀವಕೋಶಗಳ ವಯಸ್ಸು ಒಂದೇ, ಓಣಿಯ ಅಗಲ ಒಂದೇ, ಎತ್ತಿದ ಕೈ ಒಂದೇ, ಹೊತ್ತೂ ಒಂದೇ. ಡೆಕ್ಸಮೆಥಾಸೋನ್ ಬಿದ್ದ ಕೂಡಲೇ ಪರ್ ಜೀನ್ ಒಮ್ಮೆ ಧಗ್ಗನೆ ಏಳುತ್ತದೆ. ಆ ಗದ್ದಲ ಕಳೆಯಲಿ ಅಂತಲೇ ಮೊದಲ ದಿನ ಬಿಡೋದು. ಟಿಪ್‌ನಲ್ಲಿ ಗೀರುತ್ತಿದ್ದಾಗ ಇಷ್ಟು ಅಚ್ಚುಕಟ್ಟಾಗಿ ಎಂದೂ ಆಗಿರಲಿಲ್ಲ.

ಇದರಲ್ಲಿ ಒಂದು ಸೂಕ್ಷ್ಮ ಇದೆ, ನನಗೆ ಹೊಳೆಯಲು ಎರಡು ತಿಂಗಳು ಹಿಡಿಯಿತು. ಓಣಿ ಪೂರ್ತಿ ಮುಚ್ಚಲು ನಮ್ಮಲ್ಲಿ ಒಂದು ದಿನದ ಆಸುಪಾಸು ಬೇಕು. ಅಷ್ಟು ಹೊತ್ತಿಗೆ ಗಡಿಯಾರವೂ ಒಂದು ಸುತ್ತು ಹಾಕಿರುತ್ತದೆ! ಹಗಲಲ್ಲಿ ಎತ್ತಿದ್ದೂ ರಾತ್ರಿ ನೋಡಿರುತ್ತದೆ, ರಾತ್ರಿ ಎತ್ತಿದ್ದೂ ಹಗಲು ನೋಡಿರುತ್ತದೆ. ಕೊನೆಯ ಫೋಟೋ ಮಾತ್ರ ಹೋಲಿಸಿದರೆ ವ್ಯತ್ಯಾಸ ಅಲ್ಲೇ ಕರಗಿ ಹೋಗುತ್ತದೆ. ಹಾಗಾಗಿ ಮೊದಲ ಆರು ಗಂಟೆಯ ಫೋಟೋಗಳೇ ಮುಖ್ಯ. ಆರು ಗಂಟೆಯಲ್ಲಿ ಜೀವಕೋಶ ನಡೆಯೋದು ಸ್ವಲ್ಪವೇ ದೂರ. ಅಷ್ಟು ಸಣ್ಣ ವ್ಯತ್ಯಾಸ ಹಿಡಿಯಬೇಕಾದರೆ ಓಣಿಯ ಅಂಚು ನೆಟ್ಟಗಿರಬೇಕು. ಈ ಇನ್ಸರ್ಟ್‌ಗೆ ಕೊಟ್ಟ ದುಡ್ಡು ಅಲ್ಲಿ ಸಾರ್ಥಕ ಆಗುತ್ತದೆ.

ಅಪ್ಪನ ವಿಷಯ ಬಂತಲ್ಲ, ಇನ್ನೊಂದು ಹೇಳಬೇಕು. ಕೆಲವು ವರ್ಷದ ಹಿಂದೆ ಬೆಳಗಿನ ಜಾವ ನಾಲ್ಕೂವರೆಗೆ ಬೋಂಡಾ ಬಾಣಲೆಯ ಎಣ್ಣೆ ಅಪ್ಪನ ಮುಂಗೈ ಮೇಲೆ ಚೆಲ್ಲಿತು. ವಾಸಿಯಾಗಲು ತಿಂಗಳು ಹಿಡಿಯಿತು. ದಿನಾ ಫೋನ್ ಮಾಡಿ ಕೇಳೋದು, "ಇನ್ನೂ ಹಸಿ ಇದೆ ಕಣಮ್ಮ" ಅನ್ನೋರು. ಆಮೇಲೆ ಲ್ಯಾಬಿನಲ್ಲಿ 2017ರ ಒಂದು ಪೇಪರ್ ಓದಿದೆವು. ಕೇಂಬ್ರಿಜ್‌ನಲ್ಲಿ ಜಾನ್ ಓನೀಲ್ ಅವರ ಗುಂಪಿನದ್ದು. ಚರ್ಮದ ಫೈಬ್ರೊಬ್ಲಾಸ್ಟ್ ಅನ್ನುವ ಜೀವಕೋಶಗಳು ಗಾಯದ ಕಡೆ ನಡೆಯುವ ವೇಗ ಅವುಗಳ ಒಳಗಿನ ಗಡಿಯಾರದ ಮೇಲೆ ನಿಂತಿದೆ ಅಂತ ಅವರು ತೋರಿಸಿದರು. ಕಾರಣ ಆಕ್ಟಿನ್. ಜೀವಕೋಶ ಮುಂದೆ ಕಾಲು ಚಾಚಲು ಬಳಸುವ ಎಳೆ ಅದು. ಅದನ್ನು ಕಟ್ಟುವ, ಬಿಚ್ಚುವ ಕೆಲಸವೇ ದಿನದ ಲಯದಲ್ಲಿ ಏರಿಳಿಯುತ್ತದೆ. ಇಲಿಗಳ ಚರ್ಮದಲ್ಲೂ ಹಾಗೇ ಕಂಡಿತು. ಆಮೇಲೆ ಇಂಗ್ಲೆಂಡ್ ಮತ್ತು ವೇಲ್ಸ್‌ನ 118 ಸುಟ್ಟಗಾಯದ ರೋಗಿಗಳ ದಾಖಲೆ ತೆಗೆದು ನೋಡಿದರು. ಬೆಳಿಗ್ಗೆ ಎಂಟರಿಂದ ರಾತ್ರಿ ಎಂಟರೊಳಗೆ ಆದ ಗಾಯ ಸರಾಸರಿ 17 ದಿನಕ್ಕೆ ವಾಸಿ. ರಾತ್ರಿ ಆದದ್ದು 28 ದಿನಕ್ಕೆ. ಅಪ್ಪನ ಒಂದು ಗಾಯದಿಂದ ಏನೂ ಸಾಬೀತಾಗುವುದಿಲ್ಲ, ವಯಸ್ಸಿದೆ, ಸಕ್ಕರೆ ಕಾಯಿಲೆ ಇದೆ. ಆದರೂ ಆ ಪೇಪರ್ ಓದಿದ ದಿನ ನಾನು ಸುಮ್ನೆ ಕೂತಿದ್ದೆ ತುಂಬಾ ಹೊತ್ತು. ಅಪ್ಪನ ಮುಂಗೈಯಲ್ಲಿ ಆಗುತ್ತಿದ್ದದ್ದೂ ನನ್ನ ಡಿಶ್‌ನಲ್ಲಿ ಆಗುವುದೂ ಒಂದೇ ಕೆಲಸ.

ಗೆಡ್ಡೆಯ ಜೀವಕೋಶ ಜಾಗ ಬಿಟ್ಟು ಹೊರಡುವಾಗಲೂ ಇದೇ ಆಕ್ಟಿನ್ ಕಾಲು ಬೇಕು. ಅದಕ್ಕೇ ಈ ಗಾಯದ ಪರೀಕ್ಷೆಯನ್ನು ಕ್ಯಾನ್ಸರ್ ಲ್ಯಾಬ್‌ಗಳು ಇಷ್ಟು ಬಳಸುವುದು. ಇಲ್ಲಿ ಒಂದು ದೊಡ್ಡ ತೊಡಕು ಇದೆ. ಯಾವ ಇನ್ಸರ್ಟ್ ಕೊಂಡರೂ ಅದು ಹೋಗುವುದಿಲ್ಲ. ಓಣಿ ಮುಚ್ಚೋದು ಎರಡು ಕಾರಣಕ್ಕೆ. ಜೀವಕೋಶ ನಡೆದು ಬಂದರೂ ಮುಚ್ಚುತ್ತದೆ, ಒಂದು ಎರಡಾಗಿ ಸಂಖ್ಯೆ ಹೆಚ್ಚಿದರೂ ಮುಚ್ಚುತ್ತದೆ. ಬೇರೆ ವಿಷಯ ಓದುವವರು ಇದನ್ನು ಸ್ವಲ್ಪ ಮರೆಯಬಹುದೇನೋ. ಗಡಿಯಾರ ಓದುವವರು ಮರೆಯುವ ಹಾಗೇ ಇಲ್ಲ. ಯಾಕೆಂದರೆ ಗಡಿಯಾರ ಬೆಳವಣಿಗೆಯ ಮೇಲೂ ಕೈ ಇಟ್ಟಿದೆ. 2003ರಲ್ಲಿ ಜಪಾನಿನ ಒಕಾಮುರಾ ಅವರ ಗುಂಪು ಇಲಿಯ ಯಕೃತ್ತಿನ ಒಂದು ಭಾಗ ತೆಗೆದು, ಅದು ಮತ್ತೆ ಬೆಳೆಯೋದನ್ನು ನೋಡಿತು. ಜೀವಕೋಶ ಎರಡಾಗುವುದಕ್ಕೆ ಬ್ರೇಕ್ ಹಾಕುವ ವೀ1 ಅನ್ನುವ ಜೀನನ್ನು ಗಡಿಯಾರವೇ ಹಿಡಿದಿದೆ ಅಂತ ಗೊತ್ತಾಯಿತು. ಅದರ ಹಿಂದಿನ ವರ್ಷ, ಪರ್ ಜೀನ್‌ಗಳಲ್ಲಿ ಒಂದಾದ ಪರ್2 ಕೆಟ್ಟ ಇಲಿಗಳಿಗೆ ವಿಕಿರಣ ಕೊಟ್ಟಾಗ ಗೆಡ್ಡೆ ಜಾಸ್ತಿ ಬಂದದ್ದು, ಬೆಳವಣಿಗೆಗೆ ಕುಮ್ಮಕ್ಕು ಕೊಡುವ ಮಿಕ್ ಜೀನ್ ಲಯ ತಪ್ಪಿದ್ದು ವರದಿಯಾಗಿತ್ತು.

ಹಾಗಾದರೆ ಬೆಳವಣಿಗೆ ನಿಲ್ಲಿಸಿ ನಡಿಗೆ ಮಾತ್ರ ನೋಡೋಣ ಅಂತ ಎಲ್ಲರೂ ಮೈಟೋಮೈಸಿನ್ ಸಿ ಹಾಕುತ್ತಾರೆ. ನಾನೂ ಹಾಕಿದೆ. ಪಕ್ಕದ ಲೂಸಿಫರೇಸ್ ಡಿಶ್‌ನ ಬೆಳಕು ನೋಡಿದರೆ ಗಡಿಯಾರವೇ ಆಚೀಚೆ ಆಗಿತ್ತು. ನಮ್ಮ ಮೇಡಂ 2008ರ ಒಂದು ಪೇಪರ್ ತೆಗೆದು ಕೈಗಿಟ್ಟರು. ಡಿಎನ್‌ಎಗೆ ಏಟು ಬಿದ್ದರೆ ಜೀವಕೋಶದ ಗಡಿಯಾರದ ಮುಳ್ಳು ಸರಿಯುತ್ತದೆ ಅಂತ ಅದರಲ್ಲಿದೆ. ಮೈಟೋಮೈಸಿನ್ ಕೆಲಸವೇ ಡಿಎನ್‌ಎಗೆ ಗಂಟು ಹಾಕುವುದು. ಅಲ್ಲಿಂದ ನಾವು ಅದನ್ನು ಬಿಟ್ಟೆವು. ಸೀರಮ್ ಕಮ್ಮಿ ಮಾಡಿ, ಮೊದಲ ಆರು ಗಂಟೆ ಮಾತ್ರ ಲೆಕ್ಕಕ್ಕೆ ಹಿಡಿದು, ಅದೇ ಥರದ ಇನ್ನೊಂದು ಡಿಶ್‌ನಲ್ಲಿ ಜೀವಕೋಶ ಎಣಿಸುತ್ತೇವೆ. ಸೀರಮ್ ಬದಲಾಯಿಸಿದರೂ ಮುಳ್ಳು ಸರಿಯುತ್ತದೆ, ಅದಕ್ಕೇ ಆ ಬದಲಾವಣೆಯನ್ನು ಡೆಕ್ಸಮೆಥಾಸೋನ್ ತೊಳೆಯುವಾಗಲೇ ಮಾಡಿ ಮುಗಿಸಬೇಕು. ಇನ್‌ಕ್ಯುಬೇಟರ್ ಬಾಗಿಲು ತೆಗೆದು ಡಿಶ್ ತಣ್ಣಗಾಗಲು ಬಿಡುವುದೂ ತಪ್ಪು. ಈ ಗಡಿಯಾರಕ್ಕೆ ಬಿಸಿ ತಂಪೂ ತಿಳಿಯುತ್ತದೆ. ಮೈಕ್ರೋಸ್ಕೋಪ್ ಹತ್ತಿರ ನಾನು ಬಿಸಿ ಪ್ಲೇಟ್ ಇಟ್ಟುಕೊಳ್ಳುತ್ತೇನೆ, ಒಂದು ಸಲಕ್ಕೆ ಎರಡೇ ಡಿಶ್ ಹೊರಗೆ ತೆಗೆಯುತ್ತೇನೆ.

ಈಗ ಕೈಯಲ್ಲಿ ಹಿಡಿದು ಮಾಡುವ ಕೆಲಸ. ಒಣಗಿದ ಡಿಶ್ ಮೇಲೆ ಇನ್ಸರ್ಟ್ ಇಡಬೇಕು. ಒಂದು ಹನಿ ತೇವ ಇದ್ದರೂ ಕಚ್ಚುವುದಿಲ್ಲ. ಇಟ್ಟು ನಾಲ್ಕೂ ಬದಿ ಫೋರ್ಸೆಪ್ಸ್ ಬೆನ್ನಿನಿಂದ ಒತ್ತಿ, ಡಿಶ್ ತಲೆಕೆಳಗು ಮಾಡಿ ನೋಡಿ. ಅಂಚಿನ ಸುತ್ತ ಬೆಳ್ಳಿ ಬಣ್ಣದ ಗಾಳಿ ಪಟ್ಟಿ ಕಂಡರೆ ಇನ್ನೊಮ್ಮೆ ಒತ್ತಬೇಕು. ಜೀವಕೋಶ ಹಾಕುವಾಗ ಟಿಪ್ ತುದಿಯನ್ನು ನಡುಗೋಡೆಗೆ ತಾಗಿಸದೆ ಎದುರು ಮೂಲೆಯಲ್ಲಿ ಇಡಬೇಕು. ಕೊನೆಯ ಹನಿಯ ಜೊತೆ ಗಾಳಿ ಊದಿದರೆ ಗುಳ್ಳೆ ತಳದಲ್ಲಿ ಕೂತುಬಿಡುತ್ತದೆ, ಅಲ್ಲಿ ಜೀವಕೋಶ ಕೂರುವುದಿಲ್ಲ. ಒಂದು ಮಿಲಿಲೀಟರ್‌ಗೆ ಐದು ಲಕ್ಷದ ಲೆಕ್ಕದಲ್ಲಿ ಗುಂಡಿಗೆ 35,000 ಬೀಳುತ್ತದೆ. ಮಾರನೇ ದಿನವೇ ಎತ್ತುವುದಾದರೆ ಅದು ಸರಿ. ನನ್ನ ಹಾಗೆ ಮೂರನೇ ದಿನ ಎತ್ತುವುದಾದರೆ ಜಾಸ್ತಿ ಆಗುತ್ತದೆ. ನಾನು ಮೂರು ಲಕ್ಷಕ್ಕೆ ಇಳಿಸಿ, ಗುಂಡಿಗೆ 21,000 ಹಾಕುತ್ತೇನೆ.

70 ಮೈಕ್ರೋಲೀಟರ್ ಅಂದರೆ ಒಂದೆರಡು ಹನಿ. ಬೇಗ ಆರುತ್ತದೆ. ಮೊದಲ ತಿಂಗಳು ಅಂಚಿನ ಡಿಶ್‌ಗಳಲ್ಲಿ ಮೀಡಿಯಾ ಕುಗ್ಗಿ ಜೀವಕೋಶಗಳು ಮುದುಡಿದ್ದವು. ಈಗ ದೊಡ್ಡ ಪ್ಲಾಸ್ಟಿಕ್ ಡಬ್ಬಿಯಲ್ಲಿ ಒದ್ದೆ ಟಿಶ್ಯೂ ಹಾಸಿ, ಅದರೊಳಗೆ ಡಿಶ್‌ಗಳನ್ನು ಜೋಡಿಸಿ, ಮುಚ್ಚಳ ಸಡಿಲವಾಗಿ ಇಡುತ್ತೇನೆ. ಅಂದಿನಿಂದ ಆ ತೊಂದರೆ ಇಲ್ಲ.

ಎತ್ತುವ ಗಳಿಗೆ ನನಗೆ ತುಂಬ ಇಷ್ಟ. ಒಳಗಿನ ಮೀಡಿಯಾ ಹಾಗೇ ಬಿಟ್ಟು, ಫೋರ್ಸೆಪ್ಸ್‌ನಿಂದ ಇನ್ಸರ್ಟ್‌ನ ಒಂದು ಮೂಲೆ ಹಿಡಿದು, ಅಂಚೆ ಚೀಟಿ ಬಿಡಿಸುವ ಹಾಗೆ ಒಂದು ಬದಿಯಿಂದ ಏಳಿಸಬೇಕು. ನೇರ ಮೇಲಕ್ಕೆ ಎಳೆದರೆ ಜೀವಕೋಶದ ಪದರವೂ ಜೊತೆಗೆ ಬರುತ್ತದೆ. ಎತ್ತಿದ ಮೇಲೆ ಬಿಸಿ ಮಾಡಿದ ಮೀಡಿಯಾ ಡಿಶ್‌ನ ಗೋಡೆ ಬದಿಯಿಂದ ಬಿಡಬೇಕು. ಹತ್ತು ಪಟ್ಟಿನ ಲೆನ್ಸ್‌ನಲ್ಲಿ ನೋಡಿ. ಎರಡು ದಡ, ನಡುವೆ ಬೆಳ್ಳಗೆ ಖಾಲಿ ಓಣಿ. ಅಂಚಿನ ಜೀವಕೋಶಗಳು ಮೊದಲು ದುಂಡಗೆ ಸುಮ್ಮನಿರುತ್ತವೆ. ಗಂಟೆ ಕಳೆದ ಮೇಲೆ ಒಂದೊಂದೇ ಓಣಿಯ ಕಡೆಗೆ ತೆಳ್ಳಗೆ ಬೀಸಣಿಗೆಯ ಹಾಗೆ ಹರಡಿಕೊಂಡು ಕಾಲು ಚಾಚುತ್ತವೆ. ನೋಡುತ್ತಾ ಇದ್ದರೆ ಇವು ಗೆಡ್ಡೆಯವು ಅನ್ನೋದೇ ಒಂದು ಕ್ಷಣ ಮರೆತು ಹೋಗುತ್ತದೆ. ಫೋಟೋ ಅಳೆಯಲು ಇಮೇಜ್‌ಜೆ ಅನ್ನುವ ಸಾಫ್ಟ್‌ವೇರ್ ಸಾಕು, ದುಡ್ಡಿಲ್ಲದೆ ಸಿಗುತ್ತದೆ.

ಬೆಲೆಯ ವಿಷಯ. ಟಿಪ್‌ಗೆ ಹೋಲಿಸಿದರೆ ದುಬಾರಿಯೇ. ಪ್ರಾಜೆಕ್ಟ್ ದುಡ್ಡು ಬರುವುದು ತಡವಾದ ಒಂದು ತಿಂಗಳು ನಾವು ಬೇರೆ ಕಡೆಯಿಂದ ಅಗ್ಗದ ನಕಲು ತರಿಸಿದೆವು. ನೋಡಲು ಅದೇ ಥರ. ಆರು ಡಿಶ್‌ನಲ್ಲಿ ಎರಡು ಸೋರಿದವು. ಬೆಳಿಗ್ಗೆ ನೋಡಿದರೆ ಇನ್ಸರ್ಟ್ ಸುತ್ತ ತೆಳ್ಳನೆಯ ಗುಲಾಬಿ ಕೆರೆ. ಓಣಿಯಲ್ಲಿ ಅಲ್ಲೊಂದು ಇಲ್ಲೊಂದು ಜೀವಕೋಶ ಮೊದಲೇ ಕೂತಿದೆ. ಇವು ನಡೆದು ಬಂದವೋ ಸೋರಿ ಬಂದವೋ ಹೇಳುವುದು ಹೇಗೆ? ಆ ವಾರದ ಕೆಲಸವನ್ನೆಲ್ಲ ಎಸೆದೆವು. ಹುಡುಗಿಯೊಬ್ಬಳು ಮೂರು ರಾತ್ರಿ ಎದ್ದು ಫೋಟೋ ತೆಗೆದಿದ್ದಳು, ಕಣ್ಣಲ್ಲಿ ನೀರು ತುಂಬಿಕೊಂಡಳು. ನನಗೂ ಸಂಕಟ ಆಯಿತು. ಉಳಿಸಿದ ದುಡ್ಡು ಸೀರಮ್‌ನಲ್ಲೇ ಹೋಯಿತು. ಬಳಸಿದ್ದನ್ನೇ ತೊಳೆದು ಸ್ಪಿರಿಟ್‌ನಲ್ಲಿ ಅದ್ದಿ ಮತ್ತೆ ಬಳಸಿಯೂ ನೋಡಿದ್ದೇನೆ. ಹಿಡಿತ ಕಮ್ಮಿಯಾಗುತ್ತದೆ. ಕೈ ಪಳಗಿಸಿಕೊಳ್ಳಲು ಹೊಸಬರಿಗೆ ಅದನ್ನು ಕೊಡುತ್ತೇನೆ, ಲೆಕ್ಕಕ್ಕೆ ಹಿಡಿಯುವ ಡಿಶ್‌ಗೆ ಹೊಸದೇ.

ಇದರಿಂದ ಆಗದ ಕೆಲಸವನ್ನೂ ಹೇಳಿಬಿಡಬೇಕು. ಇದು ಸಪಾಟು ನೆಲದ ಮೇಲಿನ ನಡಿಗೆ. ಮೈಯೊಳಗೆ ಜೀವಕೋಶ ಜಾಲರಿ ಕೊರೆದುಕೊಂಡು ಹೋಗಬೇಕು, ರಕ್ತನಾಳ ಹೊಕ್ಕಬೇಕು. ಅದನ್ನು ಈ ಓಣಿ ತೋರಿಸುವುದಿಲ್ಲ. ಆಮ್ಲಜನಕದ ಮಾತೂ ಇದೆ. 2013ರಲ್ಲಿ ತೈವಾನಿನ ಒಂದು ಗುಂಪು ಸ್ತನ ಕ್ಯಾನ್ಸರ್ ಜೀವಕೋಶಗಳಲ್ಲಿ ಪರ್2 ಏನು ಮಾಡುತ್ತದೆ ಅಂತ ನೋಡಿತು. ಜೀವಕೋಶ ಕಚ್ಚಿಕೊಂಡ ಜಾಗ ಬಿಟ್ಟು ಅಲೆಮಾರಿಯಾಗಲು ಸ್ಲಗ್, ಟ್ವಿಸ್ಟ್ ಥರದ ಜೀನ್‌ಗಳು ಚಾಲೂ ಆಗಬೇಕು. ಪರ್2 ಅವನ್ನು ಅದುಮಿಡುತ್ತದೆ. ಗೆಡ್ಡೆಯೊಳಗೆ ಆಮ್ಲಜನಕ ಕಮ್ಮಿಯಾದಾಗ ಪರ್2 ಕರಗಿ ಹೋಗಿ ಆ ಹಿಡಿತ ತಪ್ಪುತ್ತದೆ. ನಮ್ಮ ಸಾಮಾನ್ಯ ಇನ್‌ಕ್ಯುಬೇಟರ್‌ನಲ್ಲಿ ಆಮ್ಲಜನಕಕ್ಕೆ ಬರವೇ ಇಲ್ಲ. ಪರ್2 ಪ್ರಶ್ನೆ ಕೇಳುವವರು ಇನ್ಸರ್ಟ್ ಎಷ್ಟು ಒಳ್ಳೆಯದು ತಂದರೂ, ಆಮ್ಲಜನಕ ಇಳಿಸುವ ಡಬ್ಬಿ ಇಲ್ಲದೆ ಅರ್ಧ ಕಥೆ ಮಾತ್ರ ನೋಡುತ್ತಾರೆ.

"ಹಾಗಾದರೆ ಬಿಮ್ಯಾಲ್1 ತೆಗೆದರೆ ಕ್ಯಾನ್ಸರ್ ಜಾಸ್ತಿ ಓಡುತ್ತಾ, ಕಮ್ಮಿ ಓಡುತ್ತಾ?" ಅಂತ ಪ್ರತಿ ಬ್ಯಾಚ್‌ನಲ್ಲೂ ಒಬ್ಬರು ಕೇಳುತ್ತಾರೆ. ಒಂದೇ ಉತ್ತರ ಇಲ್ಲ. 2016ರಲ್ಲೇ ಎರಡು ಪೇಪರ್ ಬಂದವು. ಇಲಿಗಳ ಶ್ವಾಸಕೋಶದಲ್ಲಿ ಬಿಮ್ಯಾಲ್1 ಅಥವಾ ಪರ್2 ಕಳೆದರೆ ಗೆಡ್ಡೆ ಜೋರಾಗುತ್ತದೆ ಅಂತ ಒಂದು. ಒಂದು ಬಗೆಯ ರಕ್ತ ಕ್ಯಾನ್ಸರ್‌ನ ಜೀವಕೋಶಗಳು ಬದುಕಿರಲು ಕ್ಲಾಕ್, ಬಿಮ್ಯಾಲ್1 ಬೇಕೇ ಬೇಕು ಅಂತ ಇನ್ನೊಂದು. ಮಿದುಳಿನ ಗ್ಲಿಯೋಬ್ಲಾಸ್ಟೋಮಾ ಅನ್ನುವ ಕ್ಯಾನ್ಸರ್‌ನಲ್ಲೂ ಹಾಗೇ ಬೇಕು ಅಂತ 2019ರಲ್ಲಿ ಬಂತು. ಯಾವ ಅಂಗ, ಯಾವ ಜೀವಕೋಶ ಅನ್ನೋದನ್ನು ನೋಡಿಯೇ ಮಾತಾಡಬೇಕು. ಔಷಧಿ ವಿಷಯದಲ್ಲೂ ಹುಷಾರು. ರೆವ್‌ಅರ್ಬ್ ಚುರುಕು ಮಾಡುವ ಎಸ್‌ಆರ್9009 ಕ್ಯಾನ್ಸರ್ ಜೀವಕೋಶಗಳನ್ನು ಕೊಲ್ಲುತ್ತದೆ ಅಂತ 2018ರಲ್ಲಿ ಅಮೆರಿಕದ ಸಾಕ್ ಸಂಸ್ಥೆಯ ಸಚ್ಚಿದಾನಂದ ಪಾಂಡಾ ಅವರ ಗುಂಪು ಬರೆಯಿತು. ಮಾರನೇ ವರ್ಷ ಬೇರೆಯವರು ರೆವ್‌ಅರ್ಬ್ ಇಲ್ಲದೇ ಇರುವ ಜೀವಕೋಶಕ್ಕೆ ಅದನ್ನು ಹಾಕಿದರು. ಅಲ್ಲೂ ಅದು ಕೆಲಸ ಮಾಡಿತು. ಔಷಧಿ ಹಾಕಿ ಓಣಿ ಮುಚ್ಚುವುದು ನಿಂತ ಕೂಡಲೇ ಗಡಿಯಾರದಿಂದಲೇ ಆಯಿತು ಅಂತ ಬರೆಯಲು ಹೊರಟ ಒಬ್ಬ ಹುಡುಗನಿಗೆ ಇದನ್ನೇ ತೋರಿಸಿದೆ.

ಇಷ್ಟೆಲ್ಲ ಮಿತಿ ಇದ್ದರೂ ಈ ಕೆಲಸ ಬಿಡಲು ಮನಸ್ಸಾಗದಿರುವುದಕ್ಕೆ 2022ರ ಒಂದು ಪೇಪರ್ ಕಾರಣ. ಜ್ಯೂರಿಕ್‌ನಲ್ಲಿ ನಿಕೋಲಾ ಅಚೆಟೊ ಅವರ ಗುಂಪು ಸ್ತನ ಕ್ಯಾನ್ಸರ್ ಇದ್ದ 30 ಹೆಂಗಸರ ರಕ್ತವನ್ನು ಬೆಳಗಿನ ಜಾವ ನಾಲ್ಕಕ್ಕೆ ಒಮ್ಮೆ, ಬೆಳಿಗ್ಗೆ ಹತ್ತಕ್ಕೆ ಒಮ್ಮೆ ತೆಗೆಯಿತು. ಗೆಡ್ಡೆ ಬಿಟ್ಟು ರಕ್ತಕ್ಕೆ ಇಳಿದಿದ್ದ ಜೀವಕೋಶಗಳಲ್ಲಿ ಶೇಕಡಾ 78.3ರಷ್ಟು ನಾಲ್ಕು ಗಂಟೆಯ ರಕ್ತದಲ್ಲೇ ಸಿಕ್ಕವು. ಮಲಗಿದ್ದಾಗ! ಇದರಲ್ಲಿ ಹಾರ್ಮೋನ್‌ಗಳ ಕೈವಾಡವೂ ಇದೆ, ಬರೀ ಜೀವಕೋಶದ ಗಡಿಯಾರದ ಮಾತಲ್ಲ. ಹಾಗಂತ ಯಾರೂ ನಿದ್ದೆಗೆ ಹೆದರಬಾರದು. ರಾತ್ರಿ ಪಾಳಿ ಕೆಲಸವನ್ನು ಕ್ಯಾನ್ಸರ್ ತರಬಹುದಾದವುಗಳ 2ಎ ಗುಂಪಿನಲ್ಲಿ ಅಂತಾರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ 2007ರಲ್ಲಿ ಇಟ್ಟಿತು, 2019ರಲ್ಲಿ ಮತ್ತೆ ನೋಡಿ ಅಲ್ಲೇ ಉಳಿಸಿತು. ನಿದ್ದೆ ಕೆಡಿಸಿಕೊಳ್ಳುವುದು ಇದಕ್ಕೆ ಮದ್ದಲ್ಲ. ರಕ್ತ ಯಾವ ಹೊತ್ತಿಗೆ ತೆಗೆದರು ಅಂತ ಬರೆದಿಡುವುದು ಎಷ್ಟು ಮುಖ್ಯ ಅಂತ ಮಾತ್ರ ಅವತ್ತು ನಮಗೆಲ್ಲ ಮನವರಿಕೆ ಆಯಿತು.

ನನ್ನ ಲೆಕ್ಕದಲ್ಲಿ ಈ ಇನ್ಸರ್ಟ್‌ಗೆ 5ಕ್ಕೆ 4. ಹೊತ್ತಿನ ಪ್ರಶ್ನೆ ಕೇಳುವವರು, ಬಿಮ್ಯಾಲ್1 ಅಥವಾ ಪರ್2 ಜೀನಿನ ಕೆಲಸ ಇಳಿಸಿ ನಡಿಗೆಯ ವೇಗ ನೋಡುವವರು ಹಿಂದೆಮುಂದೆ ನೋಡದೆ ತಗೊಳ್ಳಿ. ಜೀನ್ ಇಳಿಸಿದ ಜೀವಕೋಶಗಳನ್ನು ಒಂದು ಗುಂಡಿಗೆ, ಇಳಿಸದವನ್ನು ಪಕ್ಕದ ಗುಂಡಿಗೆ ಹಾಕಿ ಎದುರು ಬದುರು ನಡೆಸಿ ನೋಡಬಹುದು. ಇದನ್ನು ಟಿಪ್‌ನಲ್ಲಿ ಮಾಡೋದು ಆಗುವುದೇ ಇಲ್ಲ. ಬರೀ ಒಂದು ಸಲ ಔಷಧಿ ಪರೀಕ್ಷೆ ಮಾಡಿ ರಿಪೋರ್ಟ್ ಕೊಡಬೇಕಾದವರು ಟಿಪ್‌ನಲ್ಲೇ ಗೀರಿ, ಉಳಿದ ದುಡ್ಡಲ್ಲಿ ಒಳ್ಳೆ ಸೀರಮ್ ತನ್ನಿ. ಒಂದು ಅಂಕ ಕಮ್ಮಿ ಕೊಟ್ಟದ್ದು ಬೆಲೆಗೆ ಮತ್ತು ಆ 70 ಮೈಕ್ರೋಲೀಟರ್‌ಗೆ. ಎರಡು ದಿನಕ್ಕಿಂತ ಹೆಚ್ಚು ಕಾಯುವ ನಮ್ಮಂಥವರಿಗೆ ಗುಂಡಿ ಇನ್ನಷ್ಟು ಆಳ ಇದ್ದರೆ ಅನುಕೂಲ.

ಆರ್ಡರ್ ಹಾಕುವಾಗ ತುದಿ ಬಾಗಿದ ಫೋರ್ಸೆಪ್ಸ್ ಒಂದನ್ನು ಸೇರಿಸಿಕೊಳ್ಳಿ, ನೇರ ತುದಿಯದ್ದು ಮೂಲೆಗೆ ಹೋಗುವುದಿಲ್ಲ. ಡೆಕ್ಸಮೆಥಾಸೋನ್ ಕೊಟ್ಟ ಹೊತ್ತನ್ನು ಡಿಶ್‌ನ ಮೈಮೇಲೆ, ಪಕ್ಕದಲ್ಲಿ ಬರೆಯಿರಿ. ಮುಚ್ಚಳದ ಮೇಲೆ ಬೇಡ. ರಾತ್ರಿ ಮೂರು ಗಂಟೆಗೆ ಎರಡು ಡಿಶ್ ಒಟ್ಟಿಗೆ ತೆರೆದಾಗ ಮುಚ್ಚಳ ಅದಲು ಬದಲಾದರೆ, ಯಾವುದಕ್ಕೆ ಹಗಲು ಯಾವುದಕ್ಕೆ ರಾತ್ರಿ ಅಂತ ಆಮೇಲೆ ಯಾರಿಂದಲೂ ಹೇಳಲು ಆಗುವುದಿಲ್ಲ.